ಕಮಾನು ಚಾವಣಿಯ ಡಿಜಿಟಲ್ ಅಳತೆ: ಮೇಸ್ತ್ರಿಯ ಗೂಟ ಎಲ್ಲಿತ್ತು ಎಂದು ಹುಡುಕುವ ಬಗೆ

ಕಮಾನು ಕಟ್ಟುವ ಮೇಸ್ತ್ರಿ ಸಮತಟ್ಟು ನೆಲದ ಮೇಲೆ ಒಂದು ಗೂಟ ಹೊಡೆದು, ಅದಕ್ಕೆ ದಾರ ಕಟ್ಟಿ, ದಾರದ ತುದಿ ಹಿಡಿದು ಗೆರೆ ಎಳೆಯುತ್ತಾನೆ. ಆ ಗೆರೆಗೆ ಸರಿಯಾಗಿ ಸೆಂಟ್ರಿಂಗ್, ಎಂದರೆ ಕಟ್ಟುವಾಗ ಅಡಿಯಿಂದ ಆಧಾರ ಕೊಡುವ ಚೌಕಟ್ಟು, ಏಳುತ್ತದೆ, ಅದರ ಮೇಲೆ ಕಲ್ಲೋ ಇಟ್ಟಿಗೆಯೋ ಕೂರುತ್ತದೆ. ಕೆಲಸ ಮುಗಿದ ಮೇಲೆ ಗೂಟ ಕೀಳುತ್ತಾರೆ, ಸೆಂಟ್ರಿಂಗ್ ಬಿಚ್ಚುತ್ತಾರೆ. ನಾಲ್ಕೈದು ನೂರು ವರ್ಷ ಕಳೆದ ಮೇಲೆ ನಮಗೆ ಉಳಿದಿರುವುದು ತಲೆಯ ಮೇಲಿನ ಬಾಗಿದ ಮೈ ಒಂದೇ. ಆ ಮೈಯನ್ನು ಅಳೆದು, ಕಿತ್ತುಹೋದ ಗೂಟ ಎಲ್ಲಿತ್ತು, ದಾರ ಎಷ್ಟು ಉದ್ದವಿತ್ತು ಎಂದು ಕಂಡುಹಿಡಿಯುವುದೇ ಕಮಾನು ಚಾವಣಿಯ ಅಧ್ಯಯನ. ಲೇಸರ್ ಸ್ಕ್ಯಾನರ್ ಅದನ್ನು ತಾನಾಗಿ ಹೇಳುವುದಿಲ್ಲ. ಅದು ಸುತ್ತಲೂ ಲೇಸರ್ ಬೀರಿ ದೂರ ಅಳೆದು ಕೊಡುವುದು ಆ ಮೈಯ ಮೇಲಿನ ಕೋಟಿಗಟ್ಟಲೆ ಚುಕ್ಕೆಗಳನ್ನು. ಚುಕ್ಕೆ ಸಿಕ್ಕಿತೆಂದರೆ ಕೆಲಸ ಮುಗಿಯಿತು ಎಂದುಕೊಂಡು ಬಣ್ಣಬಣ್ಣದ ವಿಡಿಯೊ ಮಾಡಿ ನಿಲ್ಲಿಸುವವರೇ ಹೆಚ್ಚು. ಅಸಲು ಕೆಲಸ ಶುರುವಾಗುವುದೇ ಅಲ್ಲಿಂದ.

ಇಲ್ಲಿ ಹೇಳುವುದೆಲ್ಲ ವಿಜಯಪುರ, ಕಲಬುರಗಿ, ಹಂಪಿಯ ಗಾರೆ-ಕಲ್ಲಿನ ಕಮಾನು, ಗುಮ್ಮಟಗಳನ್ನು ಎದುರಿಗಿಟ್ಟುಕೊಂಡು ಹೇಳುವುದು. ಬೇಲೂರು, ಹಳೇಬೀಡಿನಂಥ ಹೊಯ್ಸಳ ಗುಡಿಗಳ ಭುವನೇಶ್ವರಿಗಳು, ಎಂದರೆ ಕೆತ್ತನೆಯ ಒಳಚಾವಣಿಗಳು, ನೋಡಲು ಗುಮ್ಮಟದಂತಿದ್ದರೂ ಕಟ್ಟಿದ ಬಗೆ ಬೇರೆ. ಅಲ್ಲಿ ಕಲ್ಲಿನ ಸುತ್ತುಗಳು ಮಟ್ಟಸವಾಗಿ ಕೂತು, ಒಂದೊಂದೂ ಕೆಳಗಿನದಕ್ಕಿಂತ ಸ್ವಲ್ಪ ಒಳಗೆ ಚಾಚುತ್ತ ಹೋಗುತ್ತವೆ. ಅಲ್ಲಿ ವೃತ್ತದ ಕೇಂದ್ರ, ಎಂದರೆ ಗೂಟದ ಜಾಗ, ಹುಡುಕಬಾರದು, ಸುತ್ತುಗಳ ಎತ್ತರ ಮತ್ತು ಚಾಚು ಅಳೆಯಬೇಕು.

ಹೊರಡುವ ಮೊದಲು

ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳು 1958ರ ಕಾಯ್ದೆಯ ಕೆಳಗೆ ಬರುತ್ತವೆ. ಟ್ರೈಪಾಡ್ ಇಟ್ಟು ಕೆಲಸ ಮಾಡಲು ಅಪ್ಪಣೆ ಬೇಕು. ವಿಜಯಪುರಕ್ಕೆ ಧಾರವಾಡ ವೃತ್ತ ಕಚೇರಿ, ಹಂಪಿಗೆ ಹಂಪಿ ವೃತ್ತ ಕಚೇರಿ. ಅರ್ಜಿಯಲ್ಲಿ ಉಪಕರಣಗಳ ಪಟ್ಟಿ, ಅವುಗಳ ಸೀರಿಯಲ್ ನಂಬರು, ಕೆಲಸದ ದಿನಗಳು, ಯಾವ ಭಾಗ, ಎಷ್ಟು ಜನ ಎಂಬುದನ್ನು ಬರೆಯಿರಿ. ಗೋಡೆಗೆ ಏನನ್ನೂ ಅಂಟಿಸುವುದಿಲ್ಲ, ಮೊಳೆ ಹೊಡೆಯುವುದಿಲ್ಲ ಎಂದು ನೀವಾಗಿಯೇ ಬರೆದುಕೊಟ್ಟರೆ ಮುಂದಿನ ಪ್ರಶ್ನೆಗಳು ಕಡಿಮೆಯಾಗುತ್ತವೆ. ಡ್ರೋನ್ ಬೇಕಾದರೆ ಅದಕ್ಕೆ ಬೇರೆಯೇ ಅಪ್ಪಣೆ. ಚಾವಣಿಯ ಒಳಮೈ ಅಳೆಯಲು ಡ್ರೋನ್ ಬೇಕಾಗುವುದೇ ಇಲ್ಲ, ಹಾಗಾಗಿ ಅದನ್ನು ಅರ್ಜಿಗೆ ಸೇರಿಸಿ ತಡಮಾಡಿಕೊಳ್ಳಬೇಡಿ. ಪ್ರಾರ್ಥನೆ ನಡೆಯುವ ಮಸೀದಿಯಾದರೆ ಮೊದಲು ಅಲ್ಲಿನ ಹಿರಿಯರನ್ನು ಕಂಡು ಮಾತಾಡಿ, ಶುಕ್ರವಾರ ಬಿಟ್ಟು ಉಳಿದ ದಿನ, ನಮಾಜಿನ ನಡುವಿನ ಹೊತ್ತು ಗೊತ್ತುಮಾಡಿಕೊಳ್ಳಿ.

ಕಲಿಯುವವರಿಗೆ ಹಂಪಿಯ ರಾಣಿಯ ಸ್ನಾನಗೃಹಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಕೊಳದ ಸುತ್ತಲಿನ ಮೊಗಸಾಲೆಯ ಕಮಾನು ಚಾವಣಿ ಕೈಗೆಟುಕುವಷ್ಟಲ್ಲದಿದ್ದರೂ ಹತ್ತಿರದಲ್ಲೇ ಇದೆ, ಅಂಕಣದಿಂದ ಅಂಕಣಕ್ಕೆ (ನಾಲ್ಕು ಕಂಬಗಳ ನಡುವಿನ ಒಂದೊಂದು ಚೌಕವೂ ಒಂದು ಅಂಕಣ) ಗಾರೆಯ ಅಲಂಕಾರ ಬದಲಾಗುತ್ತ ಹೋಗುತ್ತದೆ. ಅಂಕಣಗಳನ್ನು ಒಂದರೊಡನೊಂದು ಅದಲುಬದಲು ಮಾಡಿಕೊಳ್ಳುವ ಭಯ ಅಲ್ಲಿಲ್ಲ.

ಯಾವ ಉಪಕರಣ, ಎಷ್ಟಕ್ಕೆ ಸಾಕು

ನಿಲ್ಲಿಸಿ ಸುತ್ತಿಸುವ ಲೇಸರ್ ಸ್ಕ್ಯಾನರುಗಳಲ್ಲಿ ಇಲ್ಲಿ ಬಾಡಿಗೆಗೆ ಸಿಗುವವು ಹೆಚ್ಚಾಗಿ ಲೈಕಾ ಮತ್ತು ಫಾರೋ. ಲೈಕಾ ಬಿಎಲ್‌ಕೆ360ರ ಮೊದಲ ಮಾದರಿ ಸೆಕೆಂಡಿಗೆ 3,60,000 ಚುಕ್ಕೆ ಹಿಡಿಯುತ್ತದೆ, 60 ಮೀಟರ್‌ವರೆಗೆ ನೋಡುತ್ತದೆ, 10 ಮೀಟರ್ ದೂರದಲ್ಲಿ 6 ಮಿ.ಮೀ. ನಿಖರ. ಆರ್‌ಟಿಸಿ360 ಸೆಕೆಂಡಿಗೆ 20 ಲಕ್ಷ ಚುಕ್ಕೆ, 130 ಮೀಟರ್, 10 ಮೀಟರ್ ದೂರದಲ್ಲಿ 1.9 ಮಿ.ಮೀ., 40 ಮೀಟರ್ ದೂರದಲ್ಲಿ 5.3 ಮಿ.ಮೀ. ಹಂಪಿಯ ಮೊಗಸಾಲೆಗೆ ಮೊದಲನೆಯದು ಧಾರಾಳ ಸಾಕು. ಗೋಲಗುಮ್ಮಟಕ್ಕೆ ಅದು ಸಾಲದು: ನೆಲದಿಂದ ನೆತ್ತಿ ಸುಮಾರು 54 ಮೀಟರ್ ಎತ್ತರದಲ್ಲಿದ್ದು, ಯಂತ್ರದ ನೋಟದ ಅಂಚಿಗೆ ಬಂದುಬಿಡುತ್ತದೆ.

ಸ್ಕ್ಯಾನರ್ ಸಿಗಲಿಲ್ಲವೆಂದು ಕೈಕಟ್ಟಿ ಕೂರಬೇಕಿಲ್ಲ. ಹೆಚ್ಚಿನ ಎಂಜಿನಿಯರಿಂಗ್ ಕಾಲೇಜುಗಳ ಸಿವಿಲ್ ವಿಭಾಗದಲ್ಲಿ ಪ್ರಿಸಂ ಇಲ್ಲದೆ ಅಳೆಯಬಲ್ಲ ಟೋಟಲ್ ಸ್ಟೇಷನ್, ಎಂದರೆ ಕೋನ ಮತ್ತು ದೂರ ಎರಡನ್ನೂ ಅಳೆಯುವ ಸರ್ವೆ ಯಂತ್ರ, ಇರುತ್ತದೆ. ಒಂದು ಕಮಾನಿನ ಒಳಅಂಚಿನ ಉದ್ದಕ್ಕೂ 10 ಸೆಂ.ಮೀ.ಗೊಂದರಂತೆ 40 ಚುಕ್ಕೆ ಹಿಡಿದರೆ ಕೇಂದ್ರ ಹುಡುಕಲು ಅಷ್ಟು ಸಾಕು. ಅಲಂಕಾರವೂ ಬಿರುಕೂ ಬೇಕಾದರೆ ಕ್ಯಾಮೆರಾದಲ್ಲಿ ಫೋಟೊಗ್ರಾಮೆಟ್ರಿ ಮಾಡಿ, ಎಂದರೆ ಒಂದರ ಮೇಲೊಂದು ಬೀಳುವ ಹಲವು ಫೋಟೊಗಳಿಂದ ಮೂರು ಆಯಾಮದ ಮಾದರಿ ಕಟ್ಟಿ. ಐಫೋನ್ ಪ್ರೊದಲ್ಲಿರುವ ಲೈಡಾರ್ (ಲೇಸರಿನಿಂದ ದೂರ ಅಳೆಯುವ ಸಾಧನ) ಸುಮಾರು 5 ಮೀಟರ್‌ವರೆಗೆ ಮಾತ್ರ ನೋಡುತ್ತದೆ, ಸೆಂಟಿಮೀಟರ್‌ಗಟ್ಟಲೆ ತಪ್ಪುತ್ತದೆ. ಅಂಕಣಗಳ ಕಚ್ಚಾ ನಕ್ಷೆಗೆ ಅದು ಅನುಕೂಲ, ಕಮಾನಿನ ತ್ರಿಜ್ಯಕ್ಕೆ ಅಲ್ಲ.

ಬಿಸಿಲನ್ನೂ ಲೆಕ್ಕಕ್ಕಿಡಿ. ಈ ಎರಡೂ ಲೈಕಾ ಯಂತ್ರಗಳು ಕೆಲಸ ಮಾಡುವುದು 40 ಡಿಗ್ರಿವರೆಗೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ವಿಜಯಪುರ, ಕಲಬುರಗಿಯಲ್ಲಿ ಆ ಗೆರೆ ದಾಟುವುದು ಸಾಮಾನ್ಯ. ಮಳೆಗಾಲದಲ್ಲಿ ಒದ್ದೆ ಕಲ್ಲು ಲೇಸರ್ ಬೆಳಕನ್ನು ನುಂಗುತ್ತದೆ, ಸೋರಿದ ಜಾಗದಲ್ಲಿ ಚುಕ್ಕೆಗಳು ತೂತು ಬೀಳುತ್ತವೆ. ನವೆಂಬರಿನಿಂದ ಫೆಬ್ರವರಿ ತನಕ ಒಳ್ಳೆಯ ಕಾಲ.

ಮೊದಲ ದಿನ ಕಾಗದ, ಪೆನ್ಸಿಲ್

ಯಂತ್ರ ಪೆಟ್ಟಿಗೆಯಿಂದ ತೆಗೆಯುವ ಮುನ್ನ ಕಟ್ಟಡವನ್ನು ಎರಡು ಸುತ್ತು ನಡೆಯಿರಿ. ಒಂದು ಕೈನಕ್ಷೆ ಬರೆದು ಅಂಕಣಗಳಿಗೆ ನಂಬರು ಕೊಡಿ: ಉತ್ತರ-ದಕ್ಷಿಣ ಸಾಲಿಗೆ ಅ, ಆ, ಇ, ಪೂರ್ವ-ಪಶ್ಚಿಮಕ್ಕೆ 1, 2, 3. ಫೈಲಿನ ಹೆಸರು, ಫೋಟೊ, ಟಿಪ್ಪಣಿ ಎಲ್ಲದರಲ್ಲೂ ಅದೇ ನಂಬರು ಇರಲಿ. ಗಾರೆ ಉದುರಿ ಒಳಗಿನ ಕಲ್ಲು, ಇಟ್ಟಿಗೆ ಕಾಣುವ ಜಾಗಗಳನ್ನೆಲ್ಲ ನಕ್ಷೆಯಲ್ಲಿ ಕೆಂಪು ಪೆನ್ಸಿಲ್‌ನಲ್ಲಿ ಗುರುತಿಸಿ. ಮುಂದೆ ಅವೇ ಚಿನ್ನದಂಥ ಜಾಗಗಳು. ಸುಣ್ಣ ಬಳಿದದ್ದು, ಸಿಮೆಂಟಿನಲ್ಲಿ ತೇಪೆ ಹಾಕಿದ್ದು, ಮಸಿ ಹಿಡಿದದ್ದು, ಬಾವಲಿ ಇರುವುದು, ಎಲ್ಲವನ್ನೂ ಬರೆದುಕೊಳ್ಳಿ.

ಕಮಾನಿನ ಅಡಿಯಲ್ಲಿ ಹೆಜ್ಜೇನಿನ ಹುಟ್ಟು ಇದೆಯೇ ಎಂದು ತಪ್ಪದೆ ನೋಡಿ. ಇದ್ದರೆ ಆ ಅಂಕಣದಲ್ಲಿ ದೀಪ ಹಚ್ಚಬೇಡಿ, ದೂರದಿಂದ ಸ್ಕ್ಯಾನ್ ಮಾಡಿ ಅಥವಾ ಬಿಟ್ಟುಬಿಡಿ. ಒಂದು ಅಂಕಣದ ಅಳತೆಗಾಗಿ ಪ್ರವಾಸಿಗರಿರುವ ಜಾಗದಲ್ಲಿ ಹೆಜ್ಜೇನು ಎಬ್ಬಿಸುವ ಹಕ್ಕು ಯಾರಿಗೂ ಇಲ್ಲ.

ಯಂತ್ರ ಎಲ್ಲಿ ನಿಲ್ಲಿಸಬೇಕು

ಚುಕ್ಕೆಗಳ ನಡುವಿನ ಅಂತರ ದೂರದ ಜೊತೆಗೆ ಬೆಳೆಯುತ್ತದೆ. ಯಂತ್ರದಲ್ಲಿ ‘10 ಮೀಟರಿಗೆ 6 ಮಿ.ಮೀ.’ ಎಂದು ಇಟ್ಟರೆ, 4 ಮೀಟರ್ ಎತ್ತರದ ಚಾವಣಿಯಲ್ಲಿ 2.4 ಮಿ.ಮೀ., 52 ಮೀಟರ್ ದೂರದಲ್ಲಿ 31 ಮಿ.ಮೀ. ಬರುತ್ತದೆ. ಕಮಾನಿನ ಬಾಗು ಹಿಡಿಯಲು 10 ಮಿ.ಮೀ. ಅಂತರ ಸಾಕು. ಕಲ್ಲಿನ ಸಂದು, ಗಾರೆಯ ಗೆರೆ ಕಾಣಬೇಕಾದರೆ 2-3 ಮಿ.ಮೀ. ಬೇಕು. ಎಲ್ಲ ಕಡೆಯೂ ಅತಿ ಸೂಕ್ಷ್ಮಕ್ಕೆ ಇಟ್ಟು ದಿನಕ್ಕೆ ಹತ್ತೇ ಸ್ಕ್ಯಾನ್ ಮಾಡುವುದಕ್ಕಿಂತ, ಮಧ್ಯಮಕ್ಕೆ ಇಟ್ಟು ನಲವತ್ತು ಜಾಗದಿಂದ ನೋಡುವುದು ಒಳ್ಳೆಯದು. ಯಂತ್ರಕ್ಕೆ ಕಾಣದ ಮೈಯನ್ನು ಯಾವ ಸೂಕ್ಷ್ಮತೆಯೂ ತಂದುಕೊಡುವುದಿಲ್ಲ.

ಅಂಕಣದ ಸರಿ ನಡುವೆ ಒಂದೇ ಸಲ ನಿಲ್ಲಿಸಿ ಮುಗಿಸುವುದು ಹೊಸಬರ ತಪ್ಪು. ನಡುವಿನಿಂದ ಚಾವಣಿಯ ಹೊಟ್ಟೆ ಚೆನ್ನಾಗಿ ಕಾಣುತ್ತದೆ, ಆದರೆ ಉಬ್ಬಿದ ಪಟ್ಟಿಗಳ ಆಚೆ ಬದಿ, ಬೋದಿಗೆಯ ಮೇಲಿನ ಮೂಲೆ, ಕಮಾನು ಗೋಡೆಯಿಂದ ಏಳುವ ಬುಡ ಮರೆಯಾಗುತ್ತವೆ. ಕೇಂದ್ರ ಹುಡುಕಲು ಅತಿ ಮುಖ್ಯವಾದದ್ದು ಆ ಬುಡವೇ. ನಡುವೆ ಒಂದು, ನಾಲ್ಕು ಕಮಾನುಗಳ ಕೆಳಗೆ ಒಂದೊಂದು, ಒಟ್ಟು ಐದು ಜಾಗ ಇಟ್ಟುಕೊಳ್ಳಿ. ಕಮಾನಿನ ಕೆಳಗಿನವು ಪಕ್ಕದ ಅಂಕಣಕ್ಕೂ ಒದಗುವುದರಿಂದ ಲೆಕ್ಕದಲ್ಲಿ ಅಂಕಣಕ್ಕೆ ಮೂರು ಬೀಳುತ್ತದೆ.

ಕಲಬುರಗಿ ಕೋಟೆಯ ಜಾಮಾ ಮಸೀದಿ ಬೇರೊಂದು ಪಾಠ ಕಲಿಸುತ್ತದೆ. 1367ರಲ್ಲಿ ಕಟ್ಟಿದ ಈ ಮಸೀದಿಯಲ್ಲಿ ತೆರೆದ ಅಂಗಳವೇ ಇಲ್ಲ. ಸುಮಾರು 66 ಮೀಟರ್ ಉದ್ದ, 54 ಮೀಟರ್ ಅಗಲದ ಜಾಗ ಪೂರ್ತಿ ಚಾವಣಿಯ ಕೆಳಗಿದೆ. ಒಳಗೆ ಒಂದೇ ಅಚ್ಚಿನಲ್ಲಿ ತೆಗೆದಂಥ ಗುಮ್ಮಟದ ಅಂಕಣಗಳ ಸಾಲು, ಅಂಚಿನಲ್ಲಿ ಗಿಡ್ಡ ಬುಡದಿಂದ ಎದ್ದು ಬಲು ಅಗಲಕ್ಕೆ ಹರಡುವ ಕಮಾನುಗಳ ಮೊಗಸಾಲೆ. ಸ್ಕ್ಯಾನುಗಳನ್ನು ಜೋಡಿಸುವ ಸಾಫ್ಟ್‌ವೇರ್ ಮೈಗೆ ಮೈ ಹೊಂದಿಸಿ ನೋಡುತ್ತದೆ. ಎಲ್ಲ ಅಂಕಣವೂ ಒಂದೇ ಥರ ಇದ್ದಾಗ ಅದು ಒಂದು ಸ್ಕ್ಯಾನನ್ನು ಸರಿಯಾಗಿ ಒಂದು ಅಂಕಣ ಪಕ್ಕಕ್ಕೆ ಕೂರಿಸಿ, ತಪ್ಪು 3 ಮಿ.ಮೀ. ಎಂದು ಹಸಿರು ದೀಪ ತೋರಿಸಿಬಿಡುತ್ತದೆ. ನೆಲನಕ್ಷೆ ತೆಗೆದು ಅಂಕಣ ಎಣಿಸಿದಾಗಲೇ ಒಂದು ಸಾಲು ಮಾಯವಾದದ್ದು ಗೊತ್ತಾಗುವುದು. ಗುಮ್ಮಟದಲ್ಲಿ ಇದೇ ತಪ್ಪು ತಿರುಗಣೆಯ ರೂಪದಲ್ಲಿ ಬರುತ್ತದೆ: ಎಂಟು ಮುಖದ ಕಟ್ಟಡ 45 ಡಿಗ್ರಿ ತಿರುಗಿ ಕೂತರೂ ಸಾಫ್ಟ್‌ವೇರ್‌ಗೆ ಅದು ಸರಿಯೇ.

ಇದಕ್ಕೆ ಮದ್ದು ಸರಳ. ಟ್ರೈಪಾಡ್ ಮೇಲೆ ಕಪ್ಪು-ಬಿಳುಪು ಚೌಕದ ಟಾರ್ಗೆಟ್ ಇಟ್ಟು, ಪ್ರತಿ ಜೋಡಿ ಸ್ಕ್ಯಾನಿಗೂ ಕಡೇಪಕ್ಷ ಮೂರು ಟಾರ್ಗೆಟ್ ಎರಡರಲ್ಲೂ ಕಾಣುವಂತೆ ನೋಡಿಕೊಳ್ಳಿ. ಅವು ಒಂದೇ ಸಾಲಿನಲ್ಲಿ ಇರಬಾರದು, ಒಂದೇ ಎತ್ತರದಲ್ಲೂ ಇರಬಾರದು. ಟಾರ್ಗೆಟ್ ಕಡಿಮೆ ಇದ್ದರೆ ಉಪಕರಣದ ಖಾಲಿ ಪೆಟ್ಟಿಗೆಗಳನ್ನು ಅಡ್ಡಾದಿಡ್ಡಿಯಾಗಿ ನೆಲದ ಮೇಲೆ ಇಟ್ಟು ಅಂಕಣಗಳ ಏಕರೂಪ ಮುರಿಯಿರಿ. ನಡಿಗೆಯ ದಾರಿ ಹೊರಟ ಜಾಗಕ್ಕೇ ಬಂದು ಸೇರಲಿ. ಸುತ್ತು ಮುಚ್ಚದ ಸಾಲಿನಲ್ಲಿ ಒಂದೊಂದು ಜೋಡಣೆಯ 2 ಮಿ.ಮೀ. ತಪ್ಪು ಕೂಡುತ್ತ ಹೋಗಿ ಮೂವತ್ತನೆಯ ಸ್ಕ್ಯಾನಿನಲ್ಲಿ ಹಲವು ಸೆಂಟಿಮೀಟರ್ ಆಗಿರುತ್ತದೆ, ಸರಾಸರಿ ತಪ್ಪು ಮಾತ್ರ 2 ಮಿ.ಮೀ. ಎಂದೇ ವರದಿಯಾಗುತ್ತದೆ. ಟೋಟಲ್ ಸ್ಟೇಷನ್‌ನಲ್ಲಿ ಬೇರೆಯಾಗಿ ಅಳೆದ ಐದಾರು ಚುಕ್ಕೆಗಳಿಗೆ ತಾಳೆ ನೋಡದೆ ಆ ವರದಿಯನ್ನು ನಂಬಬೇಡಿ.

ಗೋಲಗುಮ್ಮಟದಲ್ಲಿ

ಮುಹಮ್ಮದ್ ಆದಿಲ್ ಶಾಹನ ಈ ಗೋರಿಯ ಒಳಾಂಗಣ ಒಂದೊಂದು ಬದಿಗೆ 41 ಮೀಟರಿಗಿಂತ ತುಸು ಹೆಚ್ಚು. ಗುಮ್ಮಟದ ಒಳವ್ಯಾಸ ಸುಮಾರು 37.9 ಮೀಟರ್. ಚೌಕದ ಮೇಲೆ ವೃತ್ತ ಕೂರಿಸಲು ಎಂಟು ಕಮಾನುಗಳು ಒಂದನ್ನೊಂದು ಅಡ್ಡಹಾಯ್ದು, ಮೂಲೆಗಳನ್ನು ತುಂಬುತ್ತ ಮುಂದಕ್ಕೆ ಬಾಗುತ್ತವೆ. ಆ ಕಮಾನುಗಳ ಮೇಲೆ, ನೆಲದಿಂದ ಸುಮಾರು 33 ಮೀಟರ್ ಎತ್ತರದಲ್ಲಿ, ಸುಮಾರು 3.25 ಮೀಟರ್ ಅಗಲದ ಪಿಸುಗುಟ್ಟುವ ಮೊಗಸಾಲೆ ಇದೆ.

ಅಳೆಯುವವರಿಗೆ ಆ ಮೊಗಸಾಲೆಯೇ ತೊಡಕು. ಲೆಕ್ಕ ಹಾಕಿ ನೋಡಿ: ಗುಮ್ಮಟದ ಒಳತ್ರಿಜ್ಯ 18.95 ಮೀಟರ್, ಅದರಲ್ಲಿ ಮೊಗಸಾಲೆಯ 3.25 ಕಳೆದರೆ ನಡುವಿನ ತೆರಪಿನ ತ್ರಿಜ್ಯ 15.7 ಮೀಟರ್. ನೆಲದ ನಡುವೆ ಒಂದೂವರೆ ಮೀಟರ್ ಎತ್ತರದಲ್ಲಿ ನಿಂತ ಯಂತ್ರದಿಂದ ಮೊಗಸಾಲೆಯ ಅಂಚನ್ನು ಮುಟ್ಟಿ ಹೋಗುವ ನೋಟದ ಗೆರೆ, ಗುಮ್ಮಟದ ಒಳಬಾಗಿದ ಮೈಯನ್ನು ಸೇರುವುದು ಸುಮಾರು 38.5 ಮೀಟರ್ ಎತ್ತರದಲ್ಲಿ. ಎಂದರೆ ಮೊಗಸಾಲೆಯಿಂದ ಮೇಲಕ್ಕೆ ಐದು ಮೀಟರಿಗೂ ಮಿಕ್ಕಿ ಗುಮ್ಮಟದ ಬುಡ ನೆಲದಿಂದ ಕಾಣುವುದೇ ಇಲ್ಲ. ಗೋಡೆಗೆ ಒತ್ತಿ ನಿಂತು ಎದುರು ಬದಿ ನೋಡಿದರೂ ಸುಮಾರು ಮೂರು ಮೀಟರ್ ಮರೆಯಾಗುತ್ತದೆ. ನೆಲದಿಂದ ಮಾತ್ರ ಸ್ಕ್ಯಾನ್ ಮಾಡಿ ಗುಮ್ಮಟಕ್ಕೆ ಗೋಳ ಹೊಂದಿಸಿದರೆ, ಬುಡವಿಲ್ಲದ ಟೋಪಿಗೆ ಹೊಂದಿಸಿದಂತೆ.

ಹಾಗಾಗಿ ಕೆಲಸ ಎರಡು ಹಂತ. ನೆಲದಲ್ಲಿ ಒಂಬತ್ತು ಜಾಗ: ನಾಲ್ಕು ಮೂಲೆ, ನಾಲ್ಕು ಗೋಡೆಯ ನಡು, ಗೋರಿಗಳ ಕಟ್ಟೆಯ ಪಕ್ಕದಲ್ಲಿ ಒಂದು. ಕಟ್ಟೆಯ ಮೇಲೆ ಯಂತ್ರ ಇಡಬೇಡಿ, ಅದು ಸಮಾಧಿಯ ಜಾಗ. ಗುಮ್ಮಟದ ನೆತ್ತಿಗಾಗಿ ಈ ನಡುವಿನ ಒಂದನ್ನು ಮಾತ್ರ ‘10 ಮೀಟರಿಗೆ 3 ಮಿ.ಮೀ.’ಗೆ ಇಡಿ, ನೆತ್ತಿಯಲ್ಲಿ 16 ಮಿ.ಮೀ. ಅಂತರ ಸಿಗುತ್ತದೆ. ಮೊಗಸಾಲೆಯ ಮೇಲೆ ಎಂಟು ಜಾಗ, ಒಂದೊಂದೂ ತೆರಪಿನ ಅಂಚಿಗೆ ಹತ್ತಿರ, ಎದುರು ಬದಿಯ ಬುಡ ಕಾಣುವಂತೆ. ಬೆನ್ನ ಹಿಂದಿನ ಗುಮ್ಮಟದ ಗೋಡೆಗಿಂತ ಎದುರಿನದೇ ಚೆನ್ನಾಗಿ ಸಿಗುವುದು.

ಎರಡು ಹಂತಗಳನ್ನು ಜೋಡಿಸಲು ಮೂಲೆಯ ಗೋಪುರಗಳ ಇಕ್ಕಟ್ಟು ಮೆಟ್ಟಿಲುಗಳ ಮೂಲಕ ಸ್ಕ್ಯಾನ್ ಮಾಡುತ್ತ ಹತ್ತಬೇಡಿ. ಅಲ್ಲಿ ಒಂದೊಂದು ತಿರುವಿನಲ್ಲೂ ತಪ್ಪು ಕೂಡುತ್ತದೆ. ನಡುವಿನ ತೆರಪನ್ನೇ ಬಳಸಿ: ಮೊಗಸಾಲೆಯ ಅಂಚಿನಿಂದ ಎದುರಿನ ಅಡ್ಡಹಾಯ್ದ ಕಮಾನುಗಳೂ ನೆಲದ ಒಂದು ಭಾಗವೂ ಕಾಣುತ್ತವೆ, ನೆಲದ ಸ್ಕ್ಯಾನಿನಲ್ಲೂ ಅವೇ ಇವೆ. ನೆಲದಲ್ಲಿ ದೊಡ್ಡ ಟಾರ್ಗೆಟ್ ಹರಡಿ, ಅರ್ಧ ಮೀಟರ್ ಚೌಕದ್ದಾದರೂ ಇರಲಿ. ಎ4 ಹಾಳೆಯ ಟಾರ್ಗೆಟ್ಟಿನ ಕೇಂದ್ರವನ್ನು 35 ಮೀಟರ್ ಮೇಲಿನಿಂದ ಸಾಫ್ಟ್‌ವೇರ್ ಹಿಡಿಯಲಾರದು.

ಬಾಗಿಲು ತೆರೆದ ಮೊದಲ ಗಂಟೆಯಲ್ಲಿ ಮೊಗಸಾಲೆಯ ಕೆಲಸ ಮುಗಿಸಿ. ಆಮೇಲೆ ಶಾಲಾ ಮಕ್ಕಳ ಪ್ರವಾಸ ಬರುತ್ತದೆ, ಎಲ್ಲರೂ ಕೂಗಿ ಪ್ರತಿಧ್ವನಿ ಕೇಳುತ್ತಾರೆ, ಕೇಳಲೇಬೇಕಾದದ್ದೇ. ಆದರೆ ಸುತ್ತುವ ಯಂತ್ರದ ಮುಂದೆ ಹಾದವರೆಲ್ಲ ಗೋಡೆಯ ಮೇಲೆ ನೆರಳಿನಂಥ ತೂತಾಗಿ ಉಳಿಯುತ್ತಾರೆ.

ಫೋಟೊ ತೆಗೆಯುವಾಗ

ಚಿತ್ರದ ಒಂದು ಪಿಕ್ಸೆಲ್ ಚಾವಣಿಯಲ್ಲಿ ಎಷ್ಟು ಅಗಲ ಎಂದು ಮೊದಲೇ ಲೆಕ್ಕ ಮಾಡಿ: ದೂರವನ್ನು ಸೆನ್ಸರಿನ ಪಿಕ್ಸೆಲ್ ಅಳತೆಯಿಂದ ಗುಣಿಸಿ, ಲೆನ್ಸಿನ ಫೋಕಲ್ ಉದ್ದದಿಂದ ಭಾಗಿಸಿ. 24 ಮೆಗಾಪಿಕ್ಸೆಲ್ ಫುಲ್‌ಫ್ರೇಮ್ ಕ್ಯಾಮೆರಾದ ಪಿಕ್ಸೆಲ್ 6 ಮೈಕ್ರಾನ್. 24 ಮಿ.ಮೀ. ಲೆನ್ಸಿನಲ್ಲಿ 4 ಮೀಟರ್ ದೂರಕ್ಕೆ 1 ಮಿ.ಮೀ. ಬರುತ್ತದೆ. ಕೂದಲೆಳೆ ಬಿರುಕು ಬೇಕಾದರೆ ಲೆನ್ಸ್ ಬದಲಿಸಬೇಕು.

ಸಾಲಿನಲ್ಲಿ ಒಂದು ಚಿತ್ರ ಮುಂದಿನದರ ಮೇಲೆ ನೂರಕ್ಕೆ 80 ಪಾಲು, ಪಕ್ಕದ ಸಾಲಿನ ಮೇಲೆ ನೂರಕ್ಕೆ 60 ಪಾಲು ಬೀಳಲಿ. ಎಫ್8, ಐಎಸ್‌ಒ 100ರಿಂದ 400, ಟ್ರೈಪಾಡ್, ಟೈಮರ್, ರಾ ಫೈಲ್. ಫೋಕಸ್ ಒಮ್ಮೆ ಹಿಡಿದು ಲೆನ್ಸಿನ ಉಂಗುರಕ್ಕೆ ಟೇಪ್ ಸುತ್ತಿ. ಒಂದೇ ಜಾಗದಲ್ಲಿ ನಿಂತು ಕ್ಯಾಮೆರಾ ಮಾತ್ರ ಸುತ್ತಿಸಿದರೆ ಆಳ ಸಿಗುವುದಿಲ್ಲ, ಪ್ರತಿ ಚಿತ್ರಕ್ಕೂ ಹೆಜ್ಜೆ ಇಡಬೇಕು. ದೀಪ ಬಳಸಿದರೆ ಅದು ಅಲುಗದೆ ಒಂದೇ ಕಡೆ ಇರಲಿ. ದೀಪ ನಿಮ್ಮ ಜೊತೆ ನಡೆದರೆ ನೆರಳೂ ನಡೆಯುತ್ತದೆ, ಸಾಫ್ಟ್‌ವೇರ್ ನೆರಳನ್ನೇ ಗೋಡೆಯ ಗುರುತೆಂದು ಹಿಡಿಯುತ್ತದೆ. ಹೊಸದಾಗಿ ಸುಣ್ಣ ಬಳಿದ ಚಾವಣಿಯಲ್ಲಿ ಹಿಡಿಯಲು ಗುರುತೇ ಇರುವುದಿಲ್ಲ, ಮೈ ಅಲೆಅಲೆಯಾಗಿ ಬರುತ್ತದೆ. ಅಂಥಲ್ಲಿ ಸ್ಕ್ಯಾನರೇ ಗತಿ. ನೆಲದ ಮೇಲೆ ಅಳತೆ ಗೊತ್ತಿರುವ ಕಡ್ಡಿ ಎರಡಾದರೂ ಇಡಿ, ಒಂದು ಅಳತೆ ಕೊಡಲು, ಇನ್ನೊಂದು ಆ ಅಳತೆಯನ್ನು ಪರೀಕ್ಷಿಸಲು.

ಚುಕ್ಕೆಗಳಿಂದ ಗೆರೆಗೆ

ಜೋಡಿಸಿದ ಚುಕ್ಕೆಗಳನ್ನು ಇ57 ಎಂಬ ಫೈಲಿನ ರೂಪದಲ್ಲಿ ಹೊರತೆಗೆದು ಕ್ಲೌಡ್‌ಕಂಪೇರ್ ಎಂಬ ಸಾಫ್ಟ್‌ವೇರ್‌ನಲ್ಲಿ ತೆರೆಯಿರಿ, ಅದು ಉಚಿತ. ಮೊದಲು 5 ಮಿ.ಮೀ.ಗೆ ತೆಳುವಾಗಿಸಿ. ಅಂಚುಗಳಲ್ಲಿ ಲೇಸರಿನ ಬೆಳಕು ಅರ್ಧ ಹತ್ತಿರದ ಮೈಗೆ, ಅರ್ಧ ಹಿಂದಿನ ಮೈಗೆ ಬಿದ್ದು, ಎರಡರ ನಡುವೆ ಗಾಳಿಯಲ್ಲಿ ತೇಲುವ ಚುಕ್ಕೆಗಳು ಹುಟ್ಟುತ್ತವೆ. ಅವನ್ನು ಫಿಲ್ಟರಿನಿಂದಲೂ ಕೈಯಿಂದಲೂ ತೆಗೆಯಿರಿ. ಕಮಾನಿನ ಗೆರೆಯನ್ನು ಅಂಚಿನ ಮೇಲೇ ತೆಗೆಯದೆ, ಅಂಚಿನಿಂದ 5 ಸೆಂ.ಮೀ. ಒಳಗೆ ತೆಗೆದರೆ ಈ ತೊಂದರೆ ಬಹುಪಾಲು ತಪ್ಪುತ್ತದೆ, ಮುರಿದ ಮೂಲೆಗಳೂ ಕಾಡುವುದಿಲ್ಲ.

ಲಂಬ ದಿಕ್ಕನ್ನು ಸಾಫ್ಟ್‌ವೇರ್ ತನ್ನಿಷ್ಟಕ್ಕೆ ತಿರುಗಿಸದಂತೆ ಬೀಗ ಹಾಕಿ. ಯಂತ್ರದೊಳಗಿನ ಮಟ್ಟದ ಸಾಧನ ಕೊಟ್ಟ ಲಂಬವೇ ನಿಮ್ಮ ತೂಗುಗುಂಡು. ಅದು ಹೋದರೆ ಗೋಡೆ ವಾಲಿದೆಯೋ ನಿಮ್ಮ ಮಾದರಿ ವಾಲಿದೆಯೋ ತಿಳಿಯದು.

ಆಮೇಲೆ ಕಮಾನಿನ ಸಮತಲದಲ್ಲಿ 2 ಸೆಂ.ಮೀ. ದಪ್ಪದ ಹೋಳು ತೆಗೆಯಿರಿ. ಆ ಚುಕ್ಕೆಗಳಿಗೆ ವೃತ್ತದ ಕಂಸ ಹೊಂದಿಸುವುದು ಮುಂದಿನ ಹೆಜ್ಜೆ. ಹೆಚ್ಚಿನ ಅಧ್ಯಯನಗಳು ಎಡವುವುದು ಇಲ್ಲೇ. ಚಿಕ್ಕ ಕಂಸದಿಂದ ದೊಡ್ಡ ತ್ರಿಜ್ಯ ಹೇಳುವುದು ಅಪಾಯ. 5 ಮೀಟರ್ ತ್ರಿಜ್ಯದ ಕಮಾನಿನಲ್ಲಿ 2 ಮೀಟರ್ ಉದ್ದದ ತುಣುಕು ಮಾತ್ರ ಸಿಕ್ಕಿತೆನ್ನಿ. ಅದರ ಉಬ್ಬು ಬರೀ 10 ಸೆಂ.ಮೀ. ಗಾರೆಯ ಏರುಪೇರಿನಿಂದ ಆ ಉಬ್ಬು 5 ಮಿ.ಮೀ. ತಪ್ಪಿದರೆ ತ್ರಿಜ್ಯ 25 ಸೆಂ.ಮೀ. ತಪ್ಪುತ್ತದೆ. ಅದೇ ಕಮಾನಿನ 6 ಮೀಟರ್ ತುಣುಕು ಸಿಕ್ಕರೆ ಅದೇ 5 ಮಿ.ಮೀ. ತಪ್ಪಿಗೆ ತ್ರಿಜ್ಯ ಸುಮಾರು 3 ಸೆಂ.ಮೀ. ಮಾತ್ರ ತಪ್ಪುತ್ತದೆ. ಕಮಾನಿನ ಬುಡ ಮರೆಯಾಗಬಾರದು ಎಂದು ಮೇಲೆ ಒತ್ತಿ ಹೇಳಿದ್ದು ಇದಕ್ಕೇ.

ಇನ್ನೊಂದು ಬಲೆ ವಿಜಯಪುರದ ಕಮಾನಿನದು. ಅಲ್ಲಿನ ಕಮಾನು ಬುಡದಿಂದ ವೃತ್ತದ ಕಂಸವಾಗಿ ಏಳುತ್ತದೆ, ಒಂದು ಎತ್ತರಕ್ಕೆ ಬಂದ ಮೇಲೆ ಬಾಗುವುದನ್ನು ನಿಲ್ಲಿಸಿ, ಕಂಸದ ಸ್ಪರ್ಶರೇಖೆಯಲ್ಲೇ ನೇರವಾಗಿ ನೆತ್ತಿಗೆ ಹೋಗುತ್ತದೆ. ಇದಕ್ಕೆ ಬುಡದಿಂದ ನೆತ್ತಿಯವರೆಗೆ ಒಂದೇ ಕಂಸ ಹೊಂದಿಸಿದರೂ ಸಾಫ್ಟ್‌ವೇರ್ ಒಂದು ತ್ರಿಜ್ಯ ಕೊಡುತ್ತದೆ, ಸರಾಸರಿ ತಪ್ಪು ಒಂದೆರಡು ಸೆಂ.ಮೀ. ಎನ್ನುತ್ತದೆ. ಆ ಸಂಖ್ಯೆಯ ಮೇಲೆ ಕಣ್ಣಿಡಬೇಡಿ, ತಪ್ಪು ಎಲ್ಲೆಲ್ಲಿ ಬಿದ್ದಿದೆ ಎಂದು ಚಿತ್ರ ಬರೆಯಿರಿ. ಚುಕ್ಕೆಗಳು ಗೆರೆಯ ಆಚೀಚೆ ಚೆಲ್ಲಾಪಿಲ್ಲಿಯಾಗಿದ್ದರೆ ಅದು ಗಾರೆಯ ಒರಟು, ಕಂಸ ಸರಿಯಾಗಿದೆ. ಒಂದಷ್ಟು ದೂರ ಎಲ್ಲವೂ ಒಳಗೆ, ಮುಂದೆ ಎಲ್ಲವೂ ಹೊರಗೆ, ಮತ್ತೆ ಎಲ್ಲವೂ ಒಳಗೆ ಎಂದು ಅಲೆಯಂತೆ ಬಿದ್ದಿದ್ದರೆ ನೀವು ಆರಿಸಿದ ಆಕಾರವೇ ತಪ್ಪು.

ಆಗ ಹೀಗೆ ಮಾಡಿ. ಅರ್ಧ ಕಮಾನು ಮಾತ್ರ ತೆಗೆದುಕೊಳ್ಳಿ. ಒಂದು ಒಡೆಯುವ ಬಿಂದು ಇಟ್ಟು ಅದರ ಕೆಳಗೆ ಕಂಸ, ಮೇಲೆ ನೇರ ಗೆರೆ ಹೊಂದಿಸಿ. ಬಿಂದುವನ್ನು 10 ಸೆಂ.ಮೀ.ನಂತೆ ಮೇಲೇರಿಸುತ್ತ ಒಟ್ಟು ತಪ್ಪು ಅತಿ ಕಡಿಮೆಯಾಗುವ ಜಾಗ ಹಿಡಿಯಿರಿ. ಅಲ್ಲಿ ಕಂಸದ ಕೇಂದ್ರದಿಂದ ಆ ಬಿಂದುವಿಗೆ ಎಳೆದ ಗೆರೆ ನೇರ ಭಾಗಕ್ಕೆ ಲಂಬವಾಗಿದೆಯೇ ನೋಡಿ. ಅರ್ಧ ಡಿಗ್ರಿಯ ಒಳಗಿದ್ದರೆ ಮೇಸ್ತ್ರಿ ಸ್ಪರ್ಶರೇಖೆಯನ್ನೇ ಎಳೆದಿದ್ದಾನೆ. ಇನ್ನರ್ಧಕ್ಕೂ ಇದನ್ನೇ ಮಾಡಿ, ಎರಡು ಕೇಂದ್ರಗಳು ನಡುಗೆರೆಯಿಂದ ಸಮದೂರದಲ್ಲಿವೆಯೇ, ಒಂದೇ ಎತ್ತರದಲ್ಲಿವೆಯೇ ನೋಡಿ.

ಒಂದು ಕಮಾನಿನ ಕೇಂದ್ರ ಸಿಕ್ಕಿತೆಂದು ತೀರ್ಮಾನ ಬರೆಯಬೇಡಿ. ಹತ್ತು ಕಮಾನುಗಳ ಕೇಂದ್ರಗಳನ್ನು ಒಂದರ ಮೇಲೊಂದು ಇಡಿ. ಅವು 2-3 ಸೆಂ.ಮೀ. ಒಳಗೆ ಗುಂಪಾದರೆ ಒಂದೇ ಅಚ್ಚಿನಿಂದ ಬಂದಿರಬಹುದು. ಎರಡು ಗುಂಪಾದರೆ ಎರಡು ಸೆಂಟ್ರಿಂಗ್, ಎರಡು ತಂಡ, ಅಥವಾ ಆಮೇಲಿನ ದುರಸ್ತಿ. ಅನುಪಾತ ಹೇಳುವಾಗಲೂ ಎಚ್ಚರ. 6 ಮೀಟರ್ ಅಗಲದ ಕಮಾನಿನಲ್ಲಿ ಕೇಂದ್ರ ಬುಡದಿಂದ 1.50 ಮೀಟರ್ ಒಳಗಿದ್ದು ಅನುಮಾನ 3 ಸೆಂ.ಮೀ. ಇದ್ದರೆ, ಅದು ಐದನೇ ಒಂದು ಅಲ್ಲ, ನಾಲ್ಕನೇ ಒಂದು ಎಂದು ಧೈರ್ಯವಾಗಿ ಹೇಳಬಹುದು. ಅದರಿಂದ ಅಂದಿನ ಗಜದ ಉದ್ದವನ್ನು ಮಿಲಿಮೀಟರಿನಲ್ಲಿ ಲೆಕ್ಕಹಾಕಲು ಹೊರಟರೆ ಬೇಕೆಂದದ್ದೆಲ್ಲ ಸಿಗುತ್ತದೆ, ಏನೂ ಸಾಬೀತಾಗುವುದಿಲ್ಲ.

ಗುಮ್ಮಟಕ್ಕೆ ನೇರವಾಗಿ ಗೋಳ ಹೊಂದಿಸುವ ಬದಲು ಅರ್ಧ ಮೀಟರಿಗೊಂದು ಮಟ್ಟಸ ಬಳೆ ಕತ್ತರಿಸಿ, ಒಂದೊಂದಕ್ಕೂ ವೃತ್ತ ಹೊಂದಿಸಿ. ಬಳೆಗಳ ತ್ರಿಜ್ಯಗಳನ್ನು ಎತ್ತರದೊಡನೆ ಬರೆದರೆ ಗುಮ್ಮಟದ ನಿಜವಾದ ಬಾಗು ಕಾಣುತ್ತದೆ. ಬಳೆಗಳ ಕೇಂದ್ರಗಳು ಮೇಲೇರುತ್ತ ಒಂದು ಬದಿಗೆ ಸರಿದರೆ ಕಟ್ಟುವಾಗಿನ ತಪ್ಪೋ ಆಮೇಲಿನ ವಾಲುವಿಕೆಯೋ ಇದೆ ಎಂದರ್ಥ.

ಗೋಲಗುಮ್ಮಟದ ಅಡ್ಡಹಾಯ್ದ ಕಮಾನುಗಳಿಗೆ ಒಂದು ಪರೀಕ್ಷೆ ಹೇಳುತ್ತೇವೆ. ಒಳಾಂಗಣದ ನಾಲ್ಕು ಗೋಡೆಗಳ ಮೇಲೆ ಗೋಡೆಗೆರಡರಂತೆ ಎಂಟು ಬಿಂದು, ಸಮ ಅಷ್ಟಭುಜವಾಗುವಂತೆ ಇಡಿ. ಒಂದು ಬಿಟ್ಟು ಒಂದನ್ನು ಸೇರಿಸಿ, 45 ಡಿಗ್ರಿ ತಿರುಗಿದ ಎರಡು ಚೌಕ ಬರುತ್ತವೆ. ಅವುಗಳ ನಡುವಿನ ಅಷ್ಟಭುಜದ ಅರ್ಧ ಅಗಲ, 41.28 ಮೀಟರ್ ಬದಿಗೆ, 15.8 ಮೀಟರ್. ತೆರಪಿನ ತ್ರಿಜ್ಯ 15.7 ಎಂದು ಆಗಲೇ ಕಂಡೆವು. ಮುದ್ರಿತ ಅಳತೆಗಳಿಂದ ಮಾಡಿದ ಈ ಕಾಗದದ ಲೆಕ್ಕ ಇಷ್ಟು ಹತ್ತಿರ ಬರುವುದು ಕುತೂಹಲ ಹುಟ್ಟಿಸುತ್ತದೆ. ಕಮಾನುಗಳ ಬುಡ ನಿಜವಾಗಿ ಆ ಎಂಟು ಬಿಂದುಗಳಲ್ಲಿ ಇದೆಯೇ, ಎಷ್ಟು ಸೆಂಟಿಮೀಟರ್ ಆಚೀಚೆ ಇದೆ ಎಂಬುದನ್ನು ಸ್ಕ್ಯಾನಿನ ಮೇಲೆ ಅಳೆದು ತೀರ್ಮಾನಿಸಿ.

ಗಾರೆ, ಕುಸಿತ

ನೀವು ಅಳೆದದ್ದು ಕಮಾನನ್ನಲ್ಲ, ಅದರ ಮೇಲಿನ ಗಾರೆಯನ್ನು. ಗಾರೆ ಎಲ್ಲ ಕಡೆ ಒಂದೇ ದಪ್ಪವಿರುವುದಿಲ್ಲ, ತೇಪೆಯಾದ ಕಡೆ ಇನ್ನೂ ಹೆಚ್ಚು. ಮೊದಲ ದಿನ ಕೆಂಪು ಪೆನ್ಸಿಲ್‌ನಲ್ಲಿ ಗುರುತಿಸಿದ ಉದುರಿದ ಜಾಗಗಳಲ್ಲಿ ದಪ್ಪ ಅಳೆದು, ಹೊಂದಿಸಿದ ತ್ರಿಜ್ಯದೊಡನೆ ಆ ಅಂಕಿಯನ್ನೂ ಬರೆಯಿರಿ. ಸೆಂಟ್ರಿಂಗ್ ಎದ್ದದ್ದು ಕಲ್ಲಿನ ಮೈಗೆ, ಗಾರೆಯ ಮೈಗಲ್ಲ.

ಕಟ್ಟಿದ ಆಕಾರವನ್ನೂ ಕುಸಿದ ಆಕಾರವನ್ನೂ ಬೇರೆ ಮಾಡಬೇಕು. ಕಮಾನು ಅಗಲಿದಾಗ ಬುಡಗಳು ಹೊರಗೆ ಸರಿಯುತ್ತವೆ, ನೆತ್ತಿ ಇಳಿಯುತ್ತದೆ. ಕಂಬಗಳ ನಡುವಿನ ಅಂತರವನ್ನು ನೆಲದಲ್ಲೂ ಕಮಾನಿನ ಬುಡದಲ್ಲೂ ಅಳೆದು ನೋಡಿ. ಮೇಲೆ 4 ಸೆಂ.ಮೀ. ಹೆಚ್ಚಿದ್ದು ಕಂಬಗಳೂ ಹೊರಕ್ಕೆ ವಾಲಿದ್ದರೆ ಅಗಲಿದೆ. ನೆತ್ತಿಯಲ್ಲಿ ಒಳಮೈ ಬಿರುಕೂ ಕಂಡರೆ ಅನುಮಾನವೇ ಉಳಿಯುವುದಿಲ್ಲ. ಅಂಥ ಕಮಾನನ್ನು ಕೇಂದ್ರದ ಲೆಕ್ಕಕ್ಕೆ ಸೇರಿಸಬೇಡಿ, ದುರಸ್ತಿ ಮಾಡುವವರ ಪಟ್ಟಿಗೆ ಸೇರಿಸಿ. ವರ್ಷ ವರ್ಷ ಸ್ಕ್ಯಾನ್ ಮಾಡಿ ಬಿರುಕು ಬೆಳೆಯುತ್ತಿದೆಯೇ ನೋಡುತ್ತೇವೆ ಎನ್ನುವವರಿಗೆ ಒಂದು ಮಾತು: ಎರಡು ಸ್ಕ್ಯಾನುಗಳ ಜೋಡಣೆಯ ತಪ್ಪೇ 2-3 ಮಿ.ಮೀ. ಇರುತ್ತದೆ. ವರ್ಷಕ್ಕೆ ಅರ್ಧ ಮಿ.ಮೀ. ಬೆಳೆಯುವ ಬಿರುಕಿಗೆ ಇಲಾಖೆಯ ಒಪ್ಪಿಗೆ ಪಡೆದು ಬಿರುಕು ಮಾಪಕ ಕೂರಿಸುವುದೇ ಸರಿ.

ವಿಜಯಪುರದಲ್ಲೇ ಇರುವ ಇಬ್ರಾಹಿಂ ರೋಜಾದ ಗೋರಿಕೋಣೆಯ ಚಾವಣಿ ಸುತ್ತ ಬಾಗಿ ಬಂದು ನಡುವೆ ಪೂರ್ತಿ ಸಮತಟ್ಟು, ಕೋಣೆ ಸುಮಾರು 12 ಮೀಟರ್ ಚೌಕ. ಅಂಥ ಚಾವಣಿಗೆ ಸಮತಲ ಹೊಂದಿಸಿ, ನಡುವೆ ಎಷ್ಟು ಮಿ.ಮೀ. ಜೋತಿದೆ ಎಂಬ ಬಣ್ಣದ ನಕ್ಷೆ ತೆಗೆಯಿರಿ. ಕಣ್ಣಿಗೆ ಕಾಣದ ಜೋತುವಿಕೆ ಅಲ್ಲಿ ಎದ್ದು ಕಾಣುತ್ತದೆ.

ನಕ್ಷೆ, ದಾಖಲೆ

ಕೊನೆಯ ನಕ್ಷೆಯಲ್ಲಿ ಮೂರು ಬಗೆಯ ಗೆರೆ ಬಳಸಿ. ಅಳೆದದ್ದಕ್ಕೆ ತುಂಬು ಗೆರೆ, ಹೊಂದಿಸಿದ ಕಂಸಕ್ಕೆ ತುಂಡು ಗೆರೆ, ಮರೆಯಾಗಿ ಊಹಿಸಿದ್ದಕ್ಕೆ ಚುಕ್ಕೆ ಗೆರೆ. ಕೇಂದ್ರಗಳನ್ನು ಬರೀ ಬಿಂದುವಾಗಿ ತೋರಿಸದೆ ಅನುಮಾನದ ಅಳತೆಯ ಪುಟ್ಟ ವೃತ್ತವಾಗಿ ಬರೆಯಿರಿ. ಕಚ್ಚಾ ಸ್ಕ್ಯಾನ್, ಜೋಡಿಸಿದ ಇ57, ರಾ ಫೋಟೊ, ಟೋಟಲ್ ಸ್ಟೇಷನ್ನಿನ ಅಂಕಿಗಳು, ಕೈನಕ್ಷೆಯ ಸ್ಕ್ಯಾನ್ ಪ್ರತಿ, ಇವುಗಳ ಜೊತೆ ಒಂದು ಸಾದಾ ಪಠ್ಯ ಫೈಲ್ ಇರಲಿ: ದಿನಾಂಕ, ಯಂತ್ರ, ಸೆಟ್ಟಿಂಗ್, ಹವೆ, ಅಂಕಣದ ನಂಬರಿನ ಕ್ರಮ, ಯಾವ ಸ್ಕ್ಯಾನ್ ಯಾಕೆ ಬಿಟ್ಟಿರಿ ಎಂಬುದು. ಮೂರು ಪ್ರತಿ ಮಾಡಿ, ಒಂದನ್ನು ಅಪ್ಪಣೆ ಕೊಟ್ಟ ಇಲಾಖೆಗೆ ಕೊಡಿ. ಮುಂದೊಂದು ದಿನ ಆ ಚಾವಣಿಯ ಗಾರೆ ಉದುರಿ ಕಲ್ಲು ಕಂಡಾಗ, ಅಂದಿನವರು ನಿಮ್ಮ ತುಂಡು ಗೆರೆಯನ್ನು ಕಲ್ಲಿನ ಮೇಲೆ ಇಟ್ಟು ನೋಡಲು ಬೇಕಾಗುವುದು ಆ ಪಠ್ಯ ಫೈಲೇ.